ಆರನೇ ಮೆಟ್ಟಿಲು ಕಾಣುವ ತಿಂಗಳು

ಫೆಬ್ರವರಿ 3, ಮಂಗಳವಾರ. ಬೆಳಗ್ಗೆ 7

ಇದನ್ನು ಇಲ್ಲಿಯೂ ಬರೆಯದೆ ಬಿಡುವುದರಲ್ಲಿದ್ದೆ. ಹಾಲು ಕಾಯಿಸಿದೆ, ಬಟ್ಟೆ ಮಡಚಿಟ್ಟೆ, ಆಫೀಸಿನ ಬ್ಯಾಗ್ ಎರಡು ಸಲ ತೆಗೆದು ಜೋಡಿಸಿದೆ. ತಪ್ಪಿಸಿಕೊಳ್ಳಲು ಬೇರೆ ಕೆಲಸ ಉಳಿಯಲಿಲ್ಲ.

ನಿನ್ನೆ ಕಣ್ಣಾಸ್ಪತ್ರೆ. ಅಕ್ಕನ ಕಣ್ಣಿಗೆ ಡ್ರಾಪ್ಸ್ ಹಾಕಿ ಪರದೆಯ ಆಚೆ ಕೂರಿಸಿದ್ದರು. ಡಾಕ್ಟರ್ ನನ್ನನ್ನು ಈಚೆ ಕರೆದರು. "ಅಂಚಿನಿಂದ ಶುರುವಾಗಿ ನಡುವಿಗೆ ಬರ್ತಾ ಇದೆ. ಪೂರ್ತಿ ಹೋಗೋಕೆ ಒಂದೂವರೆ ವರ್ಷ ಹಿಡೀಬಹುದು, ಆರು ತಿಂಗಳೂ ಆಗಬಹುದು. ಅವರು ಏನಾದ್ರೂ ನೋಡ್ಬೇಕು ಅಂತಿದ್ರೆ ಬೇಗ ತೋರಿಸ್ಬಿಡಿ."

ಬಸ್ಸಿನಲ್ಲಿ ಅಕ್ಕ ಕೇಳಿದಳು, "ಏನಂದ್ರು?"

"ಒಂದೂವರೆ ವರ್ಷ ಅಂದ್ರು."

ಅಷ್ಟೇ. ವಾಕ್ಯದ ಉಳಿದರ್ಧ ಕತ್ತರಿಸಿದೆ. ದಿನವಿಡೀ ಆಫೀಸಿನಲ್ಲಿ ಮಾಡುವುದೂ ಅದನ್ನೇ.

ಆಗ ಅವಳು, ಕಿಟಕಿಗೆ ತಲೆ ಆನಿಸಿಕೊಂಡು, "ಹಂಗಾದ್ರೆ ಮಾರ್ಚ್‌ನಲ್ಲಿ ಕೆರೆಗೆ ಹೋಗೋಣ ಕಣೇ. ನೀರು ಇಳಿದಿರುತ್ತೆ. ಅಪ್ಪ ಕೆತ್ತಿದ ಪಾದ ನೋಡ್ಬೇಕು ಒಂದ್ಸಲ."

"ಮಾರ್ಚ್ ಬೇಡ ಅಕ್ಕ. ಬರೀ ಕೆಸರು. ಅಕ್ಟೋಬರ್‌ನಲ್ಲಿ ಹೋಗೋಣ. ಕೆರೆ ತುಂಬಿದಾಗಲೇ ಚೆಂದ."

"ನನಗೆ ಚೆಂದ ಬೇಡ. ಮೆಟ್ಟಿಲು ಬೇಕು."

"ಆಗ ನೀರು ತಿಳಿಯಾಗಿರುತ್ತೆ. ಮೇಲಿಂದಲೇ ಕಾಣುತ್ತೆ."

ಕಾಣುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಟೋಬರ್‌ನಲ್ಲಿ ನಾನು ಅಲ್ಲಿಗೆ ಹೋದದ್ದೇ ಇಲ್ಲ.

ಫೆಬ್ರವರಿ 5, ಗುರುವಾರ. ಆಫೀಸು, ಊಟದ ಹೊತ್ತು

ಪ್ರವಾಸಿ ಕೈಪಿಡಿಯ ಹೊಸ ಮುದ್ರಣದ ಕೆಲಸ. ಪ್ರತಿ ಊರಿಗೂ ಒಂದು ಬಾಕ್ಸ್: 'ಯಾವಾಗ ಹೋಗಬೇಕು?' ಇಡೀ ಪುಸ್ತಕದ ಆ ಬಾಕ್ಸುಗಳೆಲ್ಲ ನನ್ನವು. ಹನ್ನೊಂದು ವರ್ಷದಿಂದ ಜನ ನನ್ನ ಮಾತು ನಂಬಿ ರಜೆ ಹಾಕುತ್ತಿದ್ದಾರೆ. ಯೋಚಿಸಿದರೆ ಹೆದರಿಕೆಯಾಗುತ್ತದೆ.

ಆ ಕೆರೆಯ ಊರಿನ ಬಾಕ್ಸ್ ತೆಗೆದು ನೋಡಿದೆ. "ಅಕ್ಟೋಬರ್–ಡಿಸೆಂಬರ್ ಅತ್ಯುತ್ತಮ. ಫೆಬ್ರವರಿಯಿಂದ ಮೇವರೆಗೆ ತಪ್ಪಿಸಿ. ನೀರು ಇಳಿದು ದಡದಲ್ಲಿ ಕೆಸರು, ವಾಸನೆ." ನಾನೇ ಬರೆದದ್ದು. ನಮ್ಮ ಬಾಲ್ಯದ ರಜೆಗಳೆಲ್ಲ ಆ 'ತಪ್ಪಿಸಿ' ತಿಂಗಳುಗಳಲ್ಲೇ ಕಳೆದವು, ಚಿಕ್ಕಮ್ಮನ ಮನೆಯಲ್ಲಿ. ನೀರು ಇಳಿದಂತೆ ಒಂದೊಂದೇ ಕಲ್ಲಿನ ಮೆಟ್ಟಿಲು ಮೇಲೆ ಬರುತ್ತಿತ್ತು. ಆರನೆಯದು ಬಂದ ದಿನ ಅಪ್ಪ ನಮ್ಮಿಬ್ಬರನ್ನೂ ಅದರ ಮೇಲೆ ನಿಲ್ಲಿಸಿ, ಪಾದದ ಸುತ್ತ ಬಳಪದಲ್ಲಿ ಗೆರೆ ಎಳೆದು, ಉಳಿಯಿಂದ ಕೆತ್ತಿದ. ಅಕ್ಕನಿಗೆ ಹತ್ತು, ನನಗೆ ಐದು. ಅಪ್ಪ ಬಡಗಿ. ಮರಗೆಲಸದ ಉಳಿ ಕಲ್ಲಿಗೆ ಹಾಕಿ ಹಾಳು ಮಾಡಿಕೊಂಡ. ಅಮ್ಮ ಒಂದು ವಾರ ಗೊಣಗಿದಳು. ಅಪ್ಪನ ಕೈಕೆಲಸದಲ್ಲಿ ಈಗ ಉಳಿದಿರುವುದು ಅದೊಂದೇ.

ಆಮೇಲೆ ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಅಕ್ಕನಿಗೆ ಹೊಲಿಗೆ ಮೆಷಿನ್ ಕೊಡಿಸಿದರು. ಅದರಲ್ಲಿ ಅವಳು ಹೊಲಿದ ಮೊದಲ ಬಟ್ಟೆ ನನ್ನ ಯೂನಿಫಾರ್ಮ್.

ಇನ್ನು ನಿಜವಾದ ಕಾರಣ. ಬರೆಯುತ್ತೇನೆ. ನೀರು ಇಳಿಯುವ ತಿಂಗಳುಗಳಲ್ಲಿ ಮಟ್ಟ ಅಳೆಯಲು ಪ್ರತಿವರ್ಷ ಒಬ್ಬ ಸರ್ವೇಯರ್ ಆ ಊರಿಗೆ ಬರುತ್ತಾನೆ. ಏಳು ವರ್ಷದ ಹಿಂದಿನವರೆಗೆ ಅವನು ನನ್ನ ಗಂಡ. ಈಗ ಅವನ ಜೊತೆ ಅವನ ಹೆಂಡತಿ ಬರುತ್ತಾಳೆ. ಒಂದು ಮಗುವೂ. ಮೇ ಕೊನೆಗೆ ಅವರು ಹೊರಡುತ್ತಾರೆ.

ಆ ಮಗುವನ್ನು ನಾನು ನೋಡಲಾರೆ. ಅಷ್ಟೇ ವಿಷಯ. ಕೆಸರಲ್ಲ.

ಮಾರ್ಚ್ 14, ಶನಿವಾರ

ಅಕ್ಕನ ಫೋನ್. ಹಿಂದೆ ಮೆಷಿನ್ ಸದ್ದು.

"ಏನೇ ಫುಲ್‌ಸ್ಟಾಪ್ ಮೇಡಂ, ಬಿಡುವಾಗಿದ್ದೀಯಾ?"

ನಾನು ಮಾತು ಬೇಗ ಮುಗಿಸುತ್ತೇನೆಂದು ಆ ಹೆಸರು.

"ನಿನ್ನ ಭಾವಂಗೆ ಸ್ಕೂಲ್ ಬಸ್ ಡ್ಯೂಟಿ ಒಂದು ವಾರ ಇಲ್ಲ. ಹೋಗಿಬರೋಣ್ವಾ? ಎರಡೇ ದಿನ."

"ಪ್ರೂಫ್ ಬಂದಿದೆ ಅಕ್ಕ. ತಲೆ ಎತ್ತೋಕೆ ಆಗ್ತಿಲ್ಲ."

"ನಿನ್ನ ಪ್ರೂಫು ಯಾವತ್ತು ಬಂದಿಲ್ಲ ಹೇಳು."

"ಅಕ್ಟೋಬರ್‌ಗೆ ರೂಮ್ ಹೇಳಿದ್ದೀನಲ್ಲ. ಕೆರೆ ಎದುರಿಗೇ ಬಾಲ್ಕನಿ."

ಅಕ್ಕ ಮೆಷಿನ್ ನಿಲ್ಲಿಸಿದಳು. "ಆಯ್ತು ಬಿಡು. ನೀನು ಓದಿದವಳು, ನಿನಗೆ ಗೊತ್ತಿರುತ್ತೆ."

ಚುಚ್ಚಿ ಹೇಳಿದಳೋ, ನಂಬಿ ಹೇಳಿದಳೋ. ಎರಡನೆಯದಾಗಿದ್ದರೆ ಹೆಚ್ಚು ನೋವು.

ಪ್ರೂಫ್ ಮಂಗಳವಾರವೇ ಮುಗಿದಿತ್ತು.

ಮಾರ್ಚ್ 29, ಭಾನುವಾರ

ಬಸ್ಸಿನಲ್ಲಿ ಐದು ಗಂಟೆ ಅಷ್ಟೇ. ಇಂದು ಬೆಳಗ್ಗೆ ಹೊರಟಿದ್ದರೆ ಮಧ್ಯಾಹ್ನಕ್ಕೆ ಮೆಟ್ಟಿಲ ಮೇಲಿರುತ್ತಿದ್ದೆವು. ಫ್ರಿಜ್ ತೊಳೆದೆ.

ಮೇ 31, ಭಾನುವಾರ. ಸಂಜೆ

ಮಳೆ ಹಿಡಿಯಿತು. ಅಲ್ಲಿಯೂ ಹಿಡಿದಿರುತ್ತದೆ. ಇನ್ನು ಮೆಟ್ಟಿಲು ಮುಳುಗುತ್ತವೆ, ಅವನು ಗಂಟುಮೂಟೆ ಕಟ್ಟುತ್ತಾನೆ. ಸಮಾಧಾನವಾಯಿತು.

ಮೇಲಿನ ಆ ಒಂದು ಪದವನ್ನು ಮತ್ತೆ ಓದಿದೆ. ಹೊಡೆದು ಹಾಕಲು ಹೋಗಿ ಬಿಟ್ಟೆ. ಇರಲಿ. ನಾನು ಎಂಥವಳೆಂದು ಒಂದು ಕಡೆಯಾದರೂ ದಾಖಲಾಗಿರಲಿ.

ಜೂನ್ 21, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯೇ ಅವಳ ಅಂಗಡಿ. ಕತ್ತರಿ, ಸೀಮೆಸುಣ್ಣ, ಟೇಪು ಎಲ್ಲಕ್ಕೂ ಈಗ ಒಂದೊಂದು ಮೊಳೆ. ತಡಕದೆ ಕೈ ಹಾಕಲು. ಫೆಬ್ರವರಿಯಲ್ಲಿ ಎಷ್ಟು ಕಾಣುತ್ತೆ ಎಂದು ಕೇಳಿದಾಗ, ಕೈ ಚಾಚಿ, "ಸಾಸರ್‌ನಷ್ಟು" ಎಂದಿದ್ದಳು. ಇಂದು ಡಬ್ಬಿಯಿಂದ ಒಂದು ಕೋಟಿನ ಗುಂಡಿ ತೆಗೆದು ಹಿಡಿದು ತೋರಿಸಿದಳು. ಇಷ್ಟು.

"ಅದರೊಳಗೆ ನಿನ್ನ ಮುಖ ಕಾಣುತ್ತೆ. ಪೂರ್ತಿ ಅಲ್ಲ. ಮೂಗು ಬೇಕಾ, ಕಣ್ಣು ಬೇಕಾ ಅಂತ ಆರಿಸ್ಕೋಬೇಕು."

"ಯಾವುದು ಆರಿಸ್ತೀಯ?"

"ಮೂಗು. ಅಪ್ಪಂದೇ ಅದು."

ಭಾವ ಅಡುಗೆಮನೆಯಿಂದ, "ನನ್ನದು ಏನೂ ಆರಿಸಲ್ಲ ಅವಳು. ಮೂವತ್ತು ವರ್ಷ ನೋಡಿ ಸಾಕಾಗಿದೆಯಂತೆ" ಎಂದರು. ಮೂವರೂ ನಕ್ಕೆವು. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ. ಹನ್ನೆರಡು ಸೂಜಿ. ಒಂದು ವಾರಕ್ಕೆ ಆಗುತ್ತದಂತೆ.

ಐದು ತಿಂಗಳೂ ಆಗಿಲ್ಲ. ಲೆಕ್ಕ ಒಂದೂವರೆ ವರ್ಷದ್ದಲ್ಲ, ಆರು ತಿಂಗಳದ್ದು. ಗೊತ್ತಾಗುತ್ತಿದೆ. ಬಾಯಿ ಬಿಡಲಿಲ್ಲ.

ಆಗಸ್ಟ್ 16, ಭಾನುವಾರ

ಶರ್ಟಿನ ಗುಂಡಿ.

"ಈಗಲೇ ಹೋಗೋಣ ಅಕ್ಕ. ಈ ವಾರವೇ" ಎಂದೆ. ಭಾವ ರಸ್ತೆಯ ಸುದ್ದಿ ಕೇಳಿ ಬಂದರು. ಘಟ್ಟದಲ್ಲಿ ಮಣ್ಣು ಕುಸಿದಿದೆ, ಬಸ್ಸು ಬಿಡುತ್ತಿಲ್ಲ, ಸೆಪ್ಟೆಂಬರ್ ಮುಗಿಯಬೇಕಂತೆ.

ಅಕ್ಕ ನನ್ನ ಕಡೆ ತಿರುಗಿದಳು. ಸ್ವಲ್ಪ ಪಕ್ಕಕ್ಕೆ ತಿರುಗಿದಳು ಎನ್ನಬೇಕು. "ಇರಲಿ ಬಿಡೇ. ನೀನೇ ಹೇಳಿದ್ದೆಯಲ್ಲ, ಅಕ್ಟೋಬರೇ ಚೆಂದ ಅಂತ."

ಸೆಪ್ಟೆಂಬರ್ 24, ಗುರುವಾರ

ಭಾವನ ಫೋನ್, ಆಫೀಸಿಗೆ. ಅವರು ಆಫೀಸಿಗೆ ಎಂದೂ ಮಾಡಿದವರಲ್ಲ.

"ನಿನ್ನೆಯಿಂದ ಬೆಳಕು ಮಾತ್ರ ಅಂತಾಳಮ್ಮ. ಕಿಟಕಿ ಎಲ್ಲಿದೆ ಅನ್ನೋದು ಗೊತ್ತಾಗುತ್ತೆ. ಕಿಟಕಿ ಕಾಣಲ್ಲ."

ರೂಮ್ ಕ್ಯಾನ್ಸಲ್ ಮಾಡಲೇ ಎಂದು ಕೇಳಿದೆ. ಹಿಂದಿನಿಂದ ಅಕ್ಕನ ದನಿ: "ಯಾಕೆ ಮಾಡ್ತಾಳೆ? ಬಾಲ್ಕನಿ ರೂಮು!"

ಅಕ್ಟೋಬರ್ 11, ಭಾನುವಾರ. ಮಧ್ಯಾಹ್ನ 3. ಲಾಡ್ಜ್

ಭಾವ ಒಳಗೆ ಮಲಗಿದ್ದಾರೆ. ಅಕ್ಕ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಬೆಳಕಿನ ಕಡೆ ಮುಖ ಮಾಡಿ ಕೂತಿದ್ದಾಳೆ. ನಾನು ಬಾಗಿಲ ಬಳಿ. ಬೆಳಗ್ಗೆ ಆದದ್ದನ್ನು ಆದ ಹಾಗೆಯೇ ಬರೆಯಬೇಕು. ಚೆಂದ ಮಾಡಬಾರದು.

ಕೆರೆ ತುಂಬಿದೆ. ಬಾಕ್ಸಿನಲ್ಲಿ ಬರೆದಂತೆಯೇ ಇದೆ. ಆಚೆ ದಡದ ಗುಡ್ಡಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಹೊಸದಾಗಿ ಬಣ್ಣ ಬಳಿದ ದೋಣಿಗಳು. ಇದಕ್ಕಿಂತ ಒಳ್ಳೆಯ ದಿನ ಯಾರಿಗೂ ಸಿಗಲಾರದು.

ಏಳು ಗಂಟೆಗೆ ಮೆಟ್ಟಿಲ ಹತ್ತಿರ ಹೋದೆವು. ನೀರಿನ ಮೇಲಿದ್ದದ್ದು ಒಂದೇ ಮೆಟ್ಟಿಲು. ನೀರು ತಿಳಿಯಾಗಿಯೂ ಇರಲಿಲ್ಲ. ಹಸಿರು. ಎರಡನೆಯದೇ ಮಸುಕು.

"ಕಾಣುತ್ತಾ?" ಅಕ್ಕ ಕೇಳಿದಳು.

ಕಾಣುತ್ತೆ ಎನ್ನಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾಲಿಗೆ ತುದಿಯವರೆಗೂ ಬಂತು.

"ಇಲ್ಲ ಅಕ್ಕ."

ಅವಳು ಚಪ್ಪಲಿ ಬಿಟ್ಟಳು. ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ನನ್ನ ಭುಜ ಹಿಡಿದು ಇಳಿದಳು. ಎರಡು. ಮೂರು. ಪಾದದಿಂದ ತಡವುತ್ತಾ, ಎಣಿಸುತ್ತಾ. ನಾಲ್ಕಕ್ಕೆ ನೀರು ತೊಡೆ ಮುಟ್ಟಿತು. ಕಲ್ಲು ಪಾಚಿ ಕಟ್ಟಿ ಜಾರುತ್ತಿತ್ತು. ಮೇಲಿನಿಂದ ಭಾವ, "ಸಾಕು ಕಣೇ, ಸಾಕು!" ಎಂದರು. ದೋಣಿಯವನೊಬ್ಬ ಕೂಗಿದ: "ಕೆಳಗೆ ಆಳ ಇದೆ ಅಮ್ಮಾ! ಮೆಟ್ಟಿಲು ನೋಡ್ಬೇಕಾದ್ರೆ ಮಾರ್ಚ್‌ನಲ್ಲಿ ಬರಬೇಕಿತ್ತು!"

ಅಕ್ಕ ನಕ್ಕಳು. "ಕೇಳಿಸ್ತಾ? ಅವನೊಂದು ಪುಸ್ತಕ ಬರೀಬೇಕು."

ನಾಲ್ಕನೇ ಮೆಟ್ಟಿಲ ಮೇಲೆ, ತೊಡೆಮಟ್ಟದ ನೀರಿನಲ್ಲಿ, ಅವಳ ಕೈ ಹಿಡಿದು ಹೇಳಿದೆ. ಡಾಕ್ಟರ್ ಆರು ತಿಂಗಳು ಅಂತಲೂ ಅಂದಿದ್ದರು. ಬೇಗ ತೋರಿಸಿ ಅಂದಿದ್ದರು. ನಾನು ಹೇಳಲಿಲ್ಲ.

"ಗೊತ್ತು."

"ಏನು ಗೊತ್ತು?"

"ಡ್ರಾಪ್ಸ್ ಹಾಕಿದ್ದು ಕಣ್ಣಿಗೆ ಕಣೇ. ಕಿವಿಗಲ್ಲ. ಪರದೆ ಆಚೆ ತಾನೆ ಕೂತಿದ್ದೆ?"

ಬಸ್ಸಿನಲ್ಲಿ "ಏನಂದ್ರು" ಎಂದು ಕೇಳಿದವಳು, ಎಲ್ಲ ಕೇಳಿಸಿಕೊಂಡೇ ಕೇಳಿದ್ದಳು.

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಆಮೇಲೆ ಮಾರ್ಚ್ ಬೇಡ ಅಂದೆಯಲ್ಲ, ಆಗ ಅರ್ಥ ಆಯ್ತು. ಅವನು ಇಲ್ಲಿರ್ತಾನೆ, ಮಗೂನೂ ಇರುತ್ತೆ. ನನ್ನ ಕಣ್ಣಿಗೆ ಕಲ್ಲು ತೋರಿಸೋಕೆ ಹೋಗಿ ನಿನ್ನ ಕಣ್ಣಿಗೆ ಅದು ಬೀಳೋದು ಬೇಡ ಅನ್ನಿಸ್ತು." ಜಾರಿದ ಸೀರೆ ಮತ್ತೆ ಸಿಕ್ಕಿಸುತ್ತಾ, "ಹತ್ತು ಸಲ ಅನ್ನಿಸ್ತು. ಹನ್ನೊಂದನೇ ಸಲ ಫೋನ್ ಮಾಡ್ದೆ. ನೀನು ಪ್ರೂಫ್ ಅಂದೆ."

ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕಾಲಿನಿಂದ ಐದನೆಯದನ್ನು ಹುಡುಕಿದಳು. ಸಿಗಲಿಲ್ಲ. "ಇಲ್ಲಿಂದ ಎರಡು ಮೆಟ್ಟಿಲು ಕೆಳಗಿದೀವಿ ನಾವಿಬ್ರೂ, ಆ ಪುಟ್ಟ ಪಾದದೋರು" ಎಂದಳು. "ಬಾ. ಚಳಿ ಆಗ್ತಿದೆ."

ಅಕ್ಟೋಬರ್ 27, ಮಂಗಳವಾರ. ಆಫೀಸು

ಮುಂದಿನ ಮುದ್ರಣಕ್ಕೆ ಬಾಕ್ಸಿನಲ್ಲಿ 'ತಪ್ಪಿಸಿ' ತೆಗೆದು, "ಮಾರ್ಚ್: ಹಳೆಯ ಮೆಟ್ಟಿಲುಗಳು ಕಾಣುತ್ತವೆ" ಎಂದು ಹಾಕಿದೆ. ಎಡಿಟರ್ ಕೇಳಿದರು, "ಮೆಟ್ಟಿಲು ನೋಡೋಕೆ ಯಾರು ಹೋಗ್ತಾರೆ ಮೇಡಂ?"

ಬಾತ್‌ರೂಮಿಗೆ ಹೋಗಿ ಬಂದೆ. ಬಾಕ್ಸ್ ಹಾಗೇ ಇದೆ, ಸದ್ಯಕ್ಕೆ.

ನವೆಂಬರ್ 1, ಭಾನುವಾರ

ಅಕ್ಕನಿಗೆ ಕೇಳಿದೆ: ಮಾರ್ಚ್‌ನಲ್ಲಿ ಮತ್ತೆ ಹೋಗೋಣವೇ. ಬೆರಳಿನಿಂದ ಮುಟ್ಟಬಹುದು. ಕಾಲಿಟ್ಟು ನೋಡಬಹುದು.

"ಮುಟ್ಟೋದು ಬೇರೆ, ನೋಡೋದು ಬೇರೆ ಕಣೇ. ಅದನ್ನ ಇದು ಅಂತ ಕೊಡಬೇಡ ನನಗೆ." ಮೆಷಿನ್ ತುಳಿದಳು. ಅಳತೆಯೆಲ್ಲ ಬೆರಳಲ್ಲೇ. ಹೊಲಿಗೆ ನೇರವಾಗಿಯೇ ಬರುತ್ತಿದೆ.

ಹೊರಡುವಾಗ ಬಾಗಿಲವರೆಗೂ ಬಂದಳು. ಚೌಕಟ್ಟು ಹಿಡಿದು ನಿಂತು, ನಾನು ಚಪ್ಪಲಿ ಹಾಕಿಕೊಂಡ ಮೇಲೆ ಕೇಳಿದಳು. "ಆರನೇದು ಮೇಲೆ ಬರೋದು ಮಾರ್ಚ್ ಮೊದಲಲ್ಲೋ, ಕೊನೇಲೋ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಗೊತ್ತಿರೋರು ಒಬ್ರಿದ್ದಾರಲ್ಲ" ಎಂದು ಬಾಗಿಲು ಹಾಕಿಕೊಂಡಳು.

ನವೆಂಬರ್ 8, ಭಾನುವಾರ. ಬೆಳಗ್ಗೆ 10

ಇಡೀ ವಾರ ಅವನಿಗೊಂದು ಕಾಗದ ಬರೆದೆ. ಅವನ ಫೋನ್ ನಂಬರ್ ಅಳಿಸಿ ಏಳು ವರ್ಷವಾಯಿತು. ಇಲಾಖೆಯ ವಿಳಾಸ ಮಾತ್ರ ಬಾಯಿಗೆ ಬರುತ್ತದೆ. ಮೊದಲು 'ನೀವು' ಎಂದು ಬರೆದೆ. ಹೊಡೆದೆ. 'ನೀನು' ಎಂದು ಬರೆದೆ. ಅದೂ ಆಗಲಿಲ್ಲ. ಕೊನೆಗೆ ಯಾರನ್ನೂ ಕರೆಯದೆ ಬರೆದಿದ್ದೇನೆ.

"ಪೂರ್ವದ ದಡದ ಮೆಟ್ಟಿಲುಗಳಲ್ಲಿ ಮೇಲಿನಿಂದ ಆರನೆಯದು ಪ್ರತಿವರ್ಷ ಯಾವ ತಾರೀಖಿಗೆ ನೀರಿನಿಂದ ಹೊರಬರುತ್ತದೆ? ಅಳತೆ ಪುಸ್ತಕದಲ್ಲಿ ಇರುತ್ತದೆ. ಅಕ್ಕನಿಗಾಗಿ ಕೇಳುತ್ತಿದ್ದೇನೆ. ಆ ದಿನ ನಾವು ಅಲ್ಲಿರುತ್ತೇವೆ. ನಾನೂ ಇರುತ್ತೇನೆ. ನಿಮ್ಮ ಮನೆಯವರೆಲ್ಲ ಅಲ್ಲಿದ್ದರೂ ಪರವಾಗಿಲ್ಲ."

'ನಿಮ್ಮ' ನುಸುಳಿಬಿಟ್ಟಿದೆ. ಇರಲಿ. 'ಪರವಾಗಿಲ್ಲ' ಸುಳ್ಳು. ಅದೂ ಇರಲಿ.

ಅಕ್ಕ ಬರುತ್ತೇನೆಂದು ಇನ್ನೂ ಹೇಳಿಲ್ಲ. ಬಂದರೂ ಅವಳಿಗೆ ಬೇಕಾಗಿದ್ದು ಸಿಗುವುದಿಲ್ಲ. ಅದನ್ನು ನಾನು ಕತ್ತರಿಸಿ ಎಸೆದಾಗಿದೆ.

ಲಕೋಟೆ ಅಂಟಿಸಿದೆ. ಕೂಡಲೇ ಶುರುವಾಯಿತು, ನನ್ನ ಹಳೇ ಚಾಳಿ: ಇನ್ನೂ ನಾಲ್ಕು ತಿಂಗಳಿದೆ, ಜನವರಿಯಲ್ಲಿ ಕಳಿಸಿದರೂ ಸಾಕು, ಹೊಸ ವರ್ಷ ಕಳೆಯಲಿ, ಅದಕ್ಕೂ ಒಂದು ಒಳ್ಳೆಯ ಸಮಯ...

ಇಂದು ಪೋಸ್ಟ್ ಆಫೀಸ್ ಇಲ್ಲ. ನಾಳೆ, ಬಾಗಿಲು ತೆಗೆಯುವ ಹೊತ್ತಿಗೆ. ತಾರೀಖು ಈಗಲೇ ಬರೆದಿಟ್ಟೆ: ಸೋಮವಾರ, ನವೆಂಬರ್ 9.