ನಡುವಿನ ಕುರ್ಚಿ

ಅಮ್ಮಾ,

ನಿನಗೆ ಹೇಳಬೇಕಾಗಿದ್ದ ಮಾತೊಂದು ಇನ್ನೂ ನನ್ನ ಗಂಟಲಲ್ಲೇ ಕೂತಿದೆ. ನೇರವಾಗಿ ಆ ಮಾತಿಗೇ ಬಂದರೆ ನೀನು "ಮೊದಲು ಊಟ ಆಯ್ತಾ ಹೇಳು" ಅನ್ನುವವಳು. ಆಯಿತು. ಅನ್ನ, ಸಾರು, ಮೈಕ್ರೋವೇವಿನಲ್ಲಿ ಸುಟ್ಟ ಹಪ್ಪಳ. ಸಾರಿಗೆ ಉಪ್ಪು ಕಡಿಮೆಯಾಗಿತ್ತು.

ನಮ್ಮ ಮಂಗಳೂರಿನ ಮನೆಯ ಊಟದ ಹೊತ್ತು ನೆನಪಾಗುತ್ತಿದೆ. ಒಂದು ಕಡೆ ಅಪ್ಪನ ಅಮ್ಮ, ತುಳು ಬಿಟ್ಟರೆ ಬೇರೆ ಮಾತು ಬಾರದ ಅಜ್ಜಿ. ಇನ್ನೊಂದು ಕಡೆ ಮಂಡ್ಯದಿಂದ ನಮ್ಮ ಜೊತೆ ಇರಲು ಬಂದ ನಿನ್ನ ಅಪ್ಪ, ತುಳುವಿನ ಗಾಳಿಯೂ ತಾಕದ ತಾತ. ನಡುವಿನ ಕುರ್ಚಿಯಲ್ಲಿ ನೀನು. ತಾತ ಮೂಗು ಮುಚ್ಚಿಕೊಂಡು "ಇದೇನವ್ವ, ದಿನಾ ಇದೇ ಮೀನಿನ ನಾತ, ಹೆಂಗ್ ತಿಂತಾರೋ" ಎಂದರೆ ಅಜ್ಜಿ ನಿನ್ನ ಕಡೆ ತಿರುಗಿ "ದಾದ ಪಣ್ಪೆರ್?" ಎಂದು ಕೇಳುತ್ತಿದ್ದರು, ಏನಂತೆ ಎಂದು. ನೀನು ಕಣ್ಣು ಮಿಟುಕಿಸದೆ, ಮೀನುಸಾರಿನ ಘಮ ಗೇಟಿನ ತನಕ ಬಂದಿದೆ ಅಂತಾರೆ ಎಂದು ತುಳುವಿನಲ್ಲಿ ಹೇಳಿಬಿಡುತ್ತಿದ್ದೆ. ಅಜ್ಜಿ ಹಿಗ್ಗಿ ಹೀರೇಕಾಯಿಯಾಗಿ ತಾತನ ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಿದ್ದರು. ಪಾಪ, ತಾತ! ಇಬ್ಬರೂ ಕೊನೆಯವರೆಗೂ ಒಬ್ಬರನ್ನೊಬ್ಬರು ಬಹಳ ಒಳ್ಳೆಯವರೆಂದು ತಿಳಿದೇ ಹೋದರು, ಅಲ್ಲವಾ?

ಇಲ್ಲಿ ಅಮೆರಿಕದಲ್ಲಿ ನನಗೆ ಸಿಕ್ಕಿದ್ದೂ ಅದೇ ಕುರ್ಚಿ. ವೀಸಾದ ಕಟ್ಟುಪಾಡಿನಿಂದ ಕೆಲಸ ಮಾಡುವಂತಿಲ್ಲದೆ ಸ್ನೊಕ್ವಾಲ್ಮಿ ಎಂಬ ಈ ಊರಿನ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ ಹೊತ್ತು ಕಳೆಯಲು ಕಲಿತ ಸ್ಪ್ಯಾನಿಷ್ ಈಗ ಆಸ್ಪತ್ರೆಯಲ್ಲಿ ಕೆಲಸ ಕೊಟ್ಟಿದೆ. ಡಾಕ್ಟರ ಇಂಗ್ಲಿಷನ್ನು ಸ್ಪ್ಯಾನಿಷಿಗೆ, ರೋಗಿಯ ಸ್ಪ್ಯಾನಿಷನ್ನು ಇಂಗ್ಲಿಷಿಗೆ ತಿರುಗಿಸುವುದು. ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ರೋಗಿ ಹೊಟ್ಟೆನೋವು ಎಂದರೆ ನಾನೂ "ನನಗೆ ಹೊಟ್ಟೆನೋವು" ಎಂದೇ ಹೇಳಬೇಕು. ನನ್ನದೇ ಮಾತು ಹೇಳಬೇಕಾದರೆ ಮಾತ್ರ, ಬೇರೆ ಯಾರದೋ ವಿಷಯ ಎಂಬಂತೆ, "ಅನುವಾದಕಿ ಹೀಗೆ ಹೇಳುತ್ತಾಳೆ" ಅನ್ನಬೇಕು. ನಿನ್ನನ್ನಾದರೆ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು ಬಿಡು.

ಹೋದ ವಾರ ಹುವಾನಾ ಎಂಬ ಅಜ್ಜಿ ಬಂದಿದ್ದರು, ಗ್ವಾಟೆಮಾಲಾದವರು. ಆ ದೇಶದವರೆಂದರೆ ಸ್ಪ್ಯಾನಿಷ್ ಎಂದು ಇಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ, ನಮಗೆಲ್ಲ ಹಿಂದಿ ಬರುತ್ತದೆ ಎಂದುಕೊಳ್ಳುವ ಹಾಗೆ. ಆಕೆಯ ಮಾತು ಮಾಮ್, ಅಲ್ಲಿನ ಬೆಟ್ಟದ ಸೀಮೆಯ ಭಾಷೆ. ಸ್ಪ್ಯಾನಿಷಿನಲ್ಲಿ ಆಕೆಗೆ ಬರುವುದು "ಸಿ" ಒಂದೇ, ಅಂದರೆ ಹೌದು. ಮಗ ಮಾತೆಯೊ ಟಕ್ವಿಲಾ ಎಂಬ ಊರಿನ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಎರಡೂ ಬರುತ್ತವೆ. ಫೋನಿನಲ್ಲಿ ಮಾಮ್ ಬಲ್ಲ ಅನುವಾದಕರು ಯಾರೂ ಬಿಡುವಾಗಿರಲಿಲ್ಲ. "ನಾನೇ ಹೇಳ್ತೀನಿ" ಎಂದ ಮಾತೆಯೊ. ಕಿಟಕಿಯಿಲ್ಲದ ಸಣ್ಣ ಕೋಣೆ. ಬೆನ್ನಿಗೆ ಗೋಡೆ, ಎಡಕ್ಕೆ ಡಾಕ್ಟರು, ಬಲಕ್ಕೆ ತಾಯಿ ಮಗ, ನಡುವೆ ನಾನು.

ಡಾಕ್ಟರು ನಿಧಾನವಾಗಿ ಹೇಳಿದರು. ಕ್ಯಾನ್ಸರ್ ಹರಡಿದೆ, ವಾಸಿಯಾಗುವುದಿಲ್ಲ. ಕೀಮೋ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಬೇಡವೆಂದರೆ ನೋವಿಗೆ ಔಷಧಿ ಕೊಟ್ಟು ಮನೆಗೆ ಕಳಿಸುತ್ತೇವೆ, ನಿಮಗೆ ಏನು ಬೇಕು ಎಂದು. ನಾನು ಎಲ್ಲವನ್ನೂ ಸ್ಪ್ಯಾನಿಷಿಗೆ ತಂದೆ. ಮಾತೆಯೊ ತಾಯಿಯ ಕಡೆ ತಿರುಗಿ ಹೇಳಿದ್ದು ಒಂದೇ ಉಸಿರಿಗೆ ಮುಗಿಯಿತು. ಆಕೆ ನಕ್ಕು "ಸಿ, ಸಿ" ಎಂದರು. ಡಾಕ್ಟರು ಕೀಮೋಗೆ ದಿನ ಹುಡುಕತೊಡಗಿದರು. ನನಗೆ ಮಾಮ್ ಬಾರದು ಅಮ್ಮಾ. ಆದರೆ ಮಾತೆಯೊನ ಆ ಮುಖ ನನಗೆ ಗೊತ್ತಿತ್ತು. ಮೀನುಸಾರಿನ ದಿನದ ನಿನ್ನ ಮುಖ ಅದು.

ಹೇಳಲೋ ಬಿಡಲೋ? ಹೇಳಿದರೆ ಒಬ್ಬ ಮಗನ ಪ್ರೀತಿಯನ್ನು ಎಲ್ಲರ ಎದುರು ಸುಳ್ಳೆಂದ ಹಾಗೆ. ಬಿಟ್ಟರೆ ಆ ಅಜ್ಜಿ ಯಾಕೆಂದೇ ತಿಳಿಯದೆ ಸೂಜಿಗೆ ಕೈ ಚಾಚಬೇಕು. ಎದ್ದು ಹೋಗೋಣವೆಂದರೆ ಬಾಗಿಲು ಡಾಕ್ಟರ ಕುರ್ಚಿಯ ಹಿಂದೆ. ಕೊನೆಗೆ ಇಂಗ್ಲಿಷಿನಲ್ಲಿ "ಡಾಕ್ಟರ್, ನೀವು ಹೇಳಿದ್ದು ಅವರಿಗೆ ಪೂರ್ತಿ ತಲುಪಿಲ್ಲ ಅಂತ ಅನುವಾದಕಿಗೆ ಅನುಮಾನ" ಎಂದೆ. ಅದನ್ನೇ ಮಾತೆಯೊನಿಗೆ ಸ್ಪ್ಯಾನಿಷಿನಲ್ಲೂ ಹೇಳಿದೆ.

ಅವನ ಕಣ್ಣು ಕೆಂಪಾಯಿತು. "ನಿಮ್ಮನ್ನ ಯಾರು ಕೇಳಿದ್ರು? ಅವಳೇನು ನಿಮ್ಮಮ್ಮನಾ?" ಎಂದ. ಕೋಣೆಯಲ್ಲಿ ಆಡಿದ್ದೆಲ್ಲ ಡಾಕ್ಟರಿಗೆ ತಲುಪಬೇಕಲ್ಲ? ಬೈಸಿಕೊಂಡವಳೇ ಆ ಬೈಗುಳವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವಳೇನು ನಿಮ್ಮಮ್ಮನಾ...

ಬಹಳ ಹೊತ್ತಿನ ಮೇಲೆ ಮಾಮ್ ಬಲ್ಲವನೊಬ್ಬ ಫೋನಿಗೆ ಸಿಕ್ಕಿದ. ಆದರೆ ಅವನು ಬೇರೆ ಊರಿನವನು, ಊರು ಬದಲಾದರೆ ಮಾಮ್ ಕೂಡ ಬದಲಾಗುತ್ತದಂತೆ. ಅವನ ಮಾತು ಕೇಳಿ ಹುವಾನಾ ಬಾಯಿಗೆ ಸೆರಗು ಒತ್ತಿಕೊಂಡ ಹಾಗೆ ಶಾಲು ಒತ್ತಿಕೊಂಡು ನಕ್ಕರು. ತಾತ ನಮ್ಮ ಮಂಗಳೂರು ಕನ್ನಡ ಕೇಳಿ ನಗುತ್ತಿದ್ದರಲ್ಲ, ಹಾಗೆಯೇ. ರೋಗದ ವಿಷಯ ಬಂದಾಗ ಮಾತ್ರ ಅವನ ಊರಿನ ಮಾತು ಆಕೆಗೆ ಹತ್ತಲೇ ಇಲ್ಲ. ಅವನು ಬೇರೆ ಬೇರೆ ರೀತಿ ಹೇಳಿ ನೋಡಿದ. ಆಕೆ ಮಗನ ಕಡೆ ತಿರುಗಿ ಏನೋ ಕೇಳಿದರು. ಏನಂತೆ ಎಂದೇ ಇರಬೇಕು, ಇನ್ನೇನು ಕೇಳುತ್ತಾರೆ? ಮಾತೆಯೊ ನೆಲ ನೋಡುತ್ತ, ತಮ್ಮ ಊರಿನ ಮಾತಿನಲ್ಲಿ, ತಾನೇ ಹೇಳಿದ.

ಆಕೆ ಅಳಲಿಲ್ಲ. ಒಂದೇ ಸಮನೆ ಮಾತಾಡಿದರು. ಮಾತೆಯೊ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದ, ಈ ಸಲ ಏನೂ ಬಿಡದೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ನಿಯಮದ ಪ್ರಕಾರ, ನನ್ನದೇ ಎಂಬಂತೆ. "ನನಗೆ ಮೊದಲೇ ಹೇಳಬೇಕಿತ್ತು. ತಂಗಿಯ ಜೊತೆ ಮಾತು ಬಿಟ್ಟಿದ್ದೇನೆ, ಅವಳಿಗೆ ಫೋನ್ ಮಾಡುತ್ತಿದ್ದೆ. ಸಾಯುವವಳು ನಾನು. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತಾ?" ಆ ಬಾಯಿ ನನ್ನದಾದರೂ ಮಾತು ನಿನ್ನದೆನಿಸಿತು ಅಮ್ಮಾ. "ಅನುವಾದಕಿಗೆ ಒಂದು ನಿಮಿಷ ಬೇಕು" ಎಂದೆ.

ಹುವಾನಾ ಕೀಮೋ ಬೇಡವೆಂದರು. ಆ ಕೋಣೆಯಿಂದಲೇ ತಂಗಿಗೆ ಫೋನ್ ಹಚ್ಚಿಸಿಕೊಂಡರು. ಮಾತೆಯೊ ನನ್ನ ಮುಖ ನೋಡದೆ ಹೋದ.

ನಿನ್ನ ಕೊನೆಯ ದಿನಗಳಲ್ಲಿ ನಾನಿದ್ದದ್ದು ಇಲ್ಲಿ. ಗ್ರೀನ್ ಕಾರ್ಡಿನ ಅರ್ಜಿ ನಡುವಿನಲ್ಲಿತ್ತು, ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೆಂಬ ನೆಚ್ಚಿಕೆಯಿರಲಿಲ್ಲ. ವಿಡಿಯೋ ಕಾಲಿನಲ್ಲಿ ಆಸ್ಪತ್ರೆಯ ದಿಂಬು, ನಿನ್ನ ಮುಖ, ಪಕ್ಕದಲ್ಲಿ ಅಣ್ಣನ ಭುಜ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಹೋದರು. "ಏನಂತೆ?" ಎಂದೆ ನೀನು. "ಗ್ಯಾಸ್ ಅಂತೆ ಅಮ್ಮ" ಎಂದ ಅಣ್ಣ. ನೀನು ಪರದೆಯಲ್ಲಿ ನನ್ನನ್ನು ಹುಡುಕಿ "ನೀನು ಹೇಳು ಶಶಿ, ಏನಂದ್ರು?" ಎಂದೆ. ಅಣ್ಣ ನಿನ್ನ ತಲೆಯ ಹಿಂದಿನಿಂದ ಕೈ ಮುಗಿಯುತ್ತಿದ್ದ. ನಾನೂ ಗ್ಯಾಸ್ ಎಂದೆ. ನೀನು "ಹೌದಾ" ಎಂದೆ, ಅಷ್ಟೇ. ಇಡೀ ಜೀವಮಾನ ಮಾತು ತಿರುಚಿ ಮನೆ ಕಾಪಾಡಿದವಳು ನೀನು, ನಿನಗೆ ಅದು ತಿಳಿಯಲಿಲ್ಲವೇ? ಅಥವಾ ತಿಳಿದೂ...

ಈಗ ನಡುವೆ ಯಾರೂ ಇಲ್ಲ. ಕೂಡಿಸದೆ, ಕಳೆಯದೆ ಹೇಳುತ್ತೇನೆ, ಕೇಳು. ಅದು ಗ್ಯಾಸ್ ಆಗಿರಲಿಲ್ಲ ಅಮ್ಮಾ. ಕ್ಯಾನ್ಸರ್ ಆಗಿತ್ತು. ವಾಸಿಯಾಗುವುದಿಲ್ಲ ಎಂದಿದ್ದರು.

ಈಗ ನೀನು ಹೇಳು. ಯಾರಿಗೆ ಫೋನ್ ಮಾಡಬೇಕಿತ್ತು?

ನಿನ್ನ ಶಶಿ