ಇಟಗಿ ಪೈಲ್ವಾನರ ಕಾರ್ಡು

ನನ್ನ ಪ್ರೀತಿಯ ಕಾಕಾ,

ನೀವು ಹೋಗಿ ಎಂಟು ತಿಂಗಳಾತು. ನೀವು ಇದ್ದಾಗ ಹೇಳಾಕ ಆಗದ್ದನ್ನ ಈಗ ಬರ್ಯಾಕತ್ತೀನಿ. ಹೇಡಿ ಅನ್ರಿ, ಒಪ್ಕೋತೀನಿ.

ಗಂಗಾವತಿಯ ನಿಮ್ಮ ಫೋಟೊ ಸ್ಟುಡಿಯೊದಾಗ ಮೊದಲನೇ ಸಲ ಆ ಆಲ್ಬಮ್ ತೆಗೆದು ತೋರಿಸಿದ್ದು ನೆನಪೈತೇನ್ರಿ? ಹಿಂದಕ ಪೈಲ್ವಾನರು ಕುಸ್ತಿ ಗೆದ್ದ ಊರಾಗ ಫೋಟೊ ತೆಗೆಸಿ, ಪೋಸ್ಟ್ ಕಾರ್ಡಿನ ಮ್ಯಾಲ ಹಾಕಿಸಿ, ಹಿಂದ ನಾಕು ಮಾತು ಬರ್ದು ಮನಿಗೆ ಕಳಸತಿದ್ರು ಅಂತ ಹೇಳಿದ್ರಿ. ಮಂದಿ ತಾವಾಗಿ ಕೊಟ್ರ ಇಟ್ಕೋ, ಇಲ್ಲಂದ್ರ ಒಂದು ಪ್ರತಿ ತೆಕ್ಕೊಂಡು ತಿರುಗಿ ಕೊಡು, ಅಂಟು ಮಾತ್ರ ಹಚ್ಚಬ್ಯಾಡ. ನಿಮ್ಮ ಕಾಯ್ದೆ ಇಷ್ಟ ಇತ್ತು. ಆ ಹುಚ್ಚು ನನಗೂ ಹತ್ತಿತು. ಬೀಜ ಮಾರಾಕ ಕುಷ್ಟಗಿ, ಯಲಬುರ್ಗಾ ಕಡೆ ತಿರಗತಿದ್ನಲ್ಲ, ಹೋದಲ್ಲೆಲ್ಲ ಮೊದಲ ಗ್ವಾಡಿ ನೋಡತಿದ್ದೆ.

ಇಟಗಿಯ ಪಾರವ್ವಜ್ಜಿ ಮನ್ಯಾಗ ಒಂದು ಸಿಕ್ಕಿತು. ಅದರಾಗ ಆಕಿ ತೀರಿಹೋದ ಗಂಡ ಹೆಗಲ ಮ್ಯಾಲ ಗದೆ ಇಟ್ಕೊಂಡು ನಿಂತಿದ್ದ. ಆತಂದು ಅದೊಂದ ಫೋಟೊ. ಪ್ಲಾಸ್ಟಿಕ್ ಚೀಲದಾಗ ಹಾಕಿ ಮೊಳಿಗೆ ತೂಗಬಿಟ್ಟಿದ್ಳು. ಪ್ರತಿ ತೆಕ್ಕೊಂಡು ಎಂಟು ದಿನದಾಗ ತಂದು ಕೊಡ್ತೀನಿ ಅಂದೆ. ಅಜ್ಜಿ ತಾನ ಇಳಿಸಿ, ಸೆರಗಿಲೆ ಒರಸಿ ಕೊಟ್ಳು. ನಿಮ್ಮ ಮುಂದ, ಪೂರಾ ಇಟ್ಕೋ ಅಂದ್ಳು ಅಂತ ಹೇಳಿದೆ. ನೀವು ಎಲ್ಲಿ ತಿರುಗಿ ಕಳಿಸ್ತೀರೋ ಅಂತ ಅಂಜಿ, ಅವತ್ತ ನನ್ನ ಆಲ್ಬಮ್ಮಿಗೆ ಅಂಟಿಸಿಬಿಟ್ಟೆ.

ದವಾಖಾನ್ಯಾಗ ಕಡೀ ಸಲ ಭೆಟ್ಟಿಯಾದಾಗ ಕೇಳಿದ್ರಿ, "ಆ ಮುದುಕಿ ಖರೇನ ಕೊಟ್ಟಿದ್ಳೇನೋ?"

"ಹೂನ್ರಿ ಕಾಕಾ."

ನೀವು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರಿ. ನಂಬಿದ್ರೋ, ಇಲ್ಲಾ...

ಹೋದ ತಿಂಗಳು ಇಟಗಿಗೆ ಹೋದೆ. ಹೊಂಡೂಕಿಂತ ಮೊದಲ ಕಾರ್ಡು ಬಿಡಿಸುವಾಗ ಹಿಂದಿನ ಪದರು ಹರದು ಆಲ್ಬಮ್ಮಿನ್ಯಾಗ ಉಳೀತು. ಅಜ್ಜಿ ಬೈಲಿಲ್ಲ, ಚಾ ಕೊಡಿಸಿದ್ಳು. ಮೂರು ವರ್ಷ ಹಿರ್ಯಾರ ಪೂಜಿ ಆ ಖಾಲಿ ಮೊಳಿ ಮುಂದ ಮಾಡ್ಯಾರಂತ, ಸೊಸಿ ಹೇಳಿದ್ಳು. ಮೊಳಿ ಸುತ್ತ ಕುಂಕುಮ ಇತ್ತು.

ಅಜ್ಜಿ ಗಂಡನ ಮುಖ ನೋಡಿ, ಕಾರ್ಡು ತಿರುವಿ ನನ್ನ ಕೈಯಾಗ ಕೊಟ್ಳು. "ಹಿಂದ ಬರದದ್ದು ಓದಪಾ. ಸಾಲಿ ಮಾಸ್ತರು ಓದಿ ಹೇಳತಿದ್ರು, ಅವರೂ ಹೋದ್ರು."

ಅಲ್ಲಿ ಏನು ಬರದಿತ್ತು ಅಂತ ನಾ ಒಮ್ಮೆನೂ ನೋಡಿದ್ದಿಲ್ಲ ಕಾಕಾ. ನೋಡಿದ್ದು ಬರೇ ಗದೆ, ಮೀಸಿ. ಬಾಯಿಗೆ ಬಂದದ್ದು ಹೇಳಿದ್ರ ಮುದುಕಿಗೇನು ತಿಳೀತೈತಿ ಅಂತ ಒಂದು ಗಳಿಗಿ ಅನಿಸಿತು. ಅದನ್ನೂ ಮುಚ್ಚಿಡೂದಿಲ್ಲ.

"ಓದಾಕ ಏನೂ ಉಳದಿಲ್ಲಜ್ಜಿ. ಅಂಟಿಸಿ ಹರದಾಂವ ನಾನ," ಅಂದೆ.

ಅಜ್ಜಿ ಹರದ ಜಾಗಾ ಬೆರಳಿಲೆ ಸವರಿದ್ಳು. ಆಮ್ಯಾಲ, "ಹಂಗಾರ ನಾ ಹೇಳ್ತೀನಿ, ನೀ ಬರಿ," ಅಂದ್ಳು.

ಗದೆ ಗೆದ್ದೀನಿ. ಎಮ್ಮಿ ಈದ್ರ ತಿಳಸು. ನಿನ್ನ ಜ್ವರ ಕಡಿಮಿ ಆತೇನು?

ಇಷ್ಟ. ಕಾರ್ಡಿನ ಹಿಂದ ಅಷ್ಟು ಬರಿಯೂತನಕ ತಲಿ ಎತ್ತಲಿಲ್ಲ ನಾನು. ಎತ್ತಿ ಯಾವ ಮುಖ ತೋರಿಸಲಿ?

ನಿಮಗ ಗೊತ್ತಿರದ ಇನ್ನೊಂದು ಸುದ್ದಿ ಐತಿ ಕಾಕಾ. ಹಿಂಗ ಸುಳ್ಳು ಹೇಳಿ ತಂದ ಕಾರ್ಡು ಇನ್ನೂ ಮೂರು ಅದಾವು, ಮೂರೂ ಅಂಟಿಸೀನಿ. ಒಂದು ಹಿಟ್ನಾಳದ್ದು, ಸೋಮವಾರ ಅಲ್ಲಿಗೆ ಹೊಂಟೀನಿ. ಈ ಸಲ ಬಿಡಿಸಾಕ ಹೋಗೂದಿಲ್ಲ, ಆಲ್ಬಮ್ಮಿನ ಹಾಳಿ ಸಮೇತ ಕತ್ತರಿಸಿ ಒಯ್ತೀನಿ. ಅವರು ಕುಂದರ್ರಿ ಅನ್ನೂಕಿಂತ ಮೊದಲ, ಬಾಗಲಾಗ ನಿಂತ, ನಾ ಮಾಡಿದ್ದು ಹೇಳ್ತೀನಿ.

ನಿಮ್ಮ ಅಣ್ಣನ ಮಗ,
ಬಸ್ಯಾ