ಸೋರುವುದಲ್ಲ, ಒಸರುವುದು

೧೪ ಜುಲೈ ೧೯೫೮, ಸೋಮವಾರ. ಬೆಳಿಗ್ಗೆ

ಸೀಮೆಸುಣ್ಣದ ರಟ್ಟಿನ ಡಬ್ಬ ತೆಗೆದೆ. ಮೇಲಿನ ಸಾಲು ಗರಿಗರಿ, ತಳದ ಸಾಲು ಮುದ್ದೆ. ಡಬ್ಬ ಇದ್ದದ್ದು ಹಿತ್ತಲ ಶೆಡ್ಡಿನ ನೆಲದ ಮೇಲೆ.

ಗುದ್ದಲಿ, ಮಂಕರಿ ಇಡುತ್ತಿದ್ದ ಶೆಡ್ಡು. ಆಗಸ್ಟ್ ಒಂದರಿಂದ ಅಲ್ಲಿ ನನ್ನ ಪಾಠ. ನಮ್ಮ ಬೀದಿಯ ಆರು ಹುಡುಗಿಯರು. ಹಾಸನದ ಸ್ಕೂಲಿನ ಇಂಟರ್‌ವ್ಯೂನಲ್ಲಿ ಮಾತು ಬರಲಿಲ್ಲ, ನಿಜ. ಆರು ಜನರ ಮುಂದೆ ಬರುತ್ತದೆ. ಖಂಡಿತ.

ಅಪ್ಪನ ಷರತ್ತು ಒಂದೇ: "ಅಷ್ಟರೊಳಗೆ ನೆಲ ಒಣಗಿದ್ರೆ ನಿಂದು. ಇಲ್ದಿದ್ರೆ ಹಸು ಕಟ್ಟಿಸ್ತೀನಿ."

ಹೆಂಚಿನ ಕೆಲಸದ ಗುಂಡಯ್ಯ ಮಾಡು ಹತ್ತಿ ಹನ್ನೊಂದು ಹೆಂಚು ಬದಲಿಸಿದ. "ಸೋರ್ತದೆ ಅಂದ್ಮೇಲೆ ಎಂಚೇಯ ಯಜಮಾನ್ರೆ. ಇನ್ನೇನಿದ್ದಾದು?"

೧೭, ಗುರುವಾರ

ಬೆಳಗಿನಿಂದ ಜಡಿಮಳೆ. ಮೇಲಿನಿಂದ ಒಂದು ಹನಿಯೂ ಬೀಳಲಿಲ್ಲ. ನೆಲ ಮಾತ್ರ ಒದ್ದೆ.

"ಇನ್ನೂ ಸೋರ್ತದಲ್ಲೋ ಗುಂಡ," ಅಂದರು ಅಪ್ಪ. ಮತ್ತೆ ಏಣಿ. ಬಾಗಿಲ ಸಂದಿಯಲ್ಲೇ ನಿಂತಿದ್ದೆ. ನೀರು ಮೇಲಿನಿಂದ ಬರುತ್ತಿಲ್ಲ ಎಂದು ಹೇಳಬೇಕೆಂದಿದ್ದೆ…

೧೯, ಶನಿವಾರ. ಸಂಜೆ

ನಿನ್ನೆಯಿಂದ ಮಳೆಯಿಲ್ಲ. ಆದರೂ ಇವತ್ತೇ ಒದ್ದೆ ಜಾಸ್ತಿ. ಹಿತ್ತಲ ಕೆಲಸದ ಹೊನ್ನಕ್ಕ ಗೋಡೆಯ ಬುಡಕ್ಕೆ ಅಂಗೈ ಒತ್ತಿದಳು.

"ಇದು ಸೋರೋದಲ್ಲ ಕಣಮ್ಮಣ್ಣಿ, ಒಸರೋದು. ಸೋರೋದು ಮೇಗ್ಲಿಂದ. ಒಸರೋದು ಗ್ವಾಡೆ ಒಳಗಿಂದ. ಓದ್ದೋರ್ಗೆ ಇಷ್ಟೂ ಗೊತ್ತಾಗಕಿಲ್ವಾ?"

ನಾಚಿಕೆಯಾಯಿತು. ಕನ್ನಡದಲ್ಲಿ ಬಿ.ಎ. ಬೇರೆ. ಮನೆಮಂದಿಯೆಲ್ಲ ಒಂದೇ ಪದ ಹಿಡಿದುಕೊಂಡು ಮಾಡು ನೋಡುತ್ತಿದ್ದೆವು.

ಬಗ್ಗಿ ಗೋಡೆ ಮೂಸಿದೆ. ಸೀಗೆಪುಡಿ. ಶನಿವಾರ — ಎಲ್ಲರದೂ ಎಣ್ಣೆಸ್ನಾನ. ಗೋಡೆಯ ಆಚೆಗೇ ಅವ್ವನ ಬಾಳೆ. ಬಚ್ಚಲು ನೀರೆಲ್ಲ ಅದರ ಬುಡಕ್ಕೆ.

೨೦, ಭಾನುವಾರ. ಮಧ್ಯಾಹ್ನ

ಬಚ್ಚಲು ನೀರೇ ಒಸರುತ್ತಿದೆ ಎಂದು ಅವ್ವನಿಗೆ ಹೇಳಿದೆ. ಅದಕ್ಕೆ ಅವ್ವ, "ಬಚ್ಚಲು ನೀರು ಬಾಳೆಗೆ ಬಿಡ್ದೆ ಬೀದಿಗೆ ಬಿಡ್ತಾರೇನೆ? ಈಗಷ್ಟೇ ಗೊನೆ ಹಾಕಿದೆ."

ಅಪ್ಪ ನಕ್ಕರು. "ಬಿ.ಎ. ಓದಿಸಿದ್ದು ಬಚ್ಚಲು ಮೂಸೋಕಾ?"

ನಾಳೆ ಗುಂಡಯ್ಯ ಹೆಂಚನ್ನೆಲ್ಲ ಇಳಿಸುತ್ತಾನಂತೆ.

ಊಟವಾದ ಮೇಲೆ ಹೊನ್ನಕ್ಕನ ಜೊತೆ ಅಳೆದೆ. ಬಚ್ಚಲ ಕಾಲುವೆಯನ್ನು ಶೆಡ್ಡಿನ ಮೂಲೆ ಮುಟ್ಟುವ ಮುಂಚೆಯೇ ತಿರುಗಿಸಿದರೆ ನೀರು ನುಗ್ಗೆಮರದ ಕಡೆ ಇಳಿಯುತ್ತದೆ. ಹನ್ನೆರಡು ಮೊಳ ಅಗೆತ, ಅಷ್ಟೇ. ಹನ್ನೊಂದು ದಿನ ಉಳಿದಿದೆ, ಗೋಡೆ ಆರಲು ಸಾಕು.

"ಬಾಳೆ ಸತ್ತರೆ?"

"ಮಳೆಗಾಲ್ದಾಗೆ ಬಾಳೆ ಸಾಯ್ತದಾ? ಬ್ಯಾಸ್ಗೆಗೆ ಕಂದು ಕಿತ್ತು ಆ ಕಡೀಕೆ ನೆಟ್ರಾಯ್ತು. ಅವ್ವಾರ್ಗೆ ನಾ ಯೋಳ್ತೀನಿ. ಅಪ್ಪಾರ್ಗೆ ನೀವೇ ಯೋಳ್ಬೇಕು."

ಅದೇ ದಿನ, ಸಂಜೆ

ಕೇಳಿದರೆ ಬೇಡ ಅನ್ನುತ್ತಾರೆ. ಕೇಳುವುದಿಲ್ಲ. ಅಗೆದ ಮೇಲೆ ಹೇಳುತ್ತೇನೆ — ಬಾಗಿಲ ಸಂದಿಯಿಂದಲ್ಲ, ಎದುರಿಗೆ ನಿಂತು.

ಗುಂಡಯ್ಯನ ಏಣಿ ಬರುವುದು ಎಂಟಕ್ಕೆ. ಹೊನ್ನಕ್ಕ ಆರಕ್ಕೆ. ಗುದ್ದಲಿ ಹಿತ್ತಲ ಬಾಗಿಲ ಹಿಂದೆ ಇಟ್ಟಿದ್ದೇನೆ. ಮೊದಲ ಏಟು ನಾನೇ ಹಾಕುತ್ತೇನೆ.